ಉಳುಕು ತೆಗೆಯುವ ಪದ್ಧತಿ ಮತ್ತು ಹುಸಿಚಿಕಿತ್ಸೆಯ ವಿನ್ಯಾಸ

ಹುನಗುಂದ ಸೀಮೆಯ ಕಮತಗಿಯು ಇಳಕಲ್‌ನಂತೆಯೇ ನೇಕಾರರ ಊರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ದಿನವಿಡೀ ಲಾಳಿ ಆಡಿಸುವವರಿಗೆ ನಡನೋವು ಕಸುಬಿನ ಜೊತೆಗೇ ಬರುವ ಬಾಧೆ. ನಡ ಹಿಡಿದಾಗ ಎಣ್ಣೆ ಹಚ್ಚಿ ತಿಕ್ಕಿಸುವುದು, ಉಳುಕು ತೆಗೆಸುವುದು ನಮ್ಮ ಹಳ್ಳಿಗಳ ರೂಢಿ. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಕಾಲು ಸೋಕಿಸಿದರೆ ಉಳುಕು ಬಿಡುತ್ತದೆಂಬ ನಂಬಿಕೆಯು ಕರ್ನಾಟಕದಲ್ಲಿ ಮಾತ್ರವಲ್ಲದೆ ಉತ್ತರ ಭಾರತದಲ್ಲಿಯೂ ಇದೆ. ಇಲ್ಲಿ ಗುಣ ನೀಡುವುದು ಒತ್ತಡವೇ, ಸ್ಪರ್ಶವೇ, ನಂಬಿಕೆಯೇ ಅಥವಾ ಕೇವಲ ಕಾಲವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಇದನ್ನು ಬೇರ್ಪಡಿಸಿ ನೋಡುವ ಉಪಾಯವೇ ಹುಸಿಚಿಕಿತ್ಸೆ. 1799ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ವೈದ್ಯ ಜಾನ್ ಹೇಗಾರ್ತ್, ನೋವು ನಿವಾರಕವೆಂದು ಪ್ರಸಿದ್ಧವಾಗಿದ್ದ ಪರ್ಕಿನ್ಸನ ಲೋಹದ ಕಡ್ಡಿಗಳಿಗೆ ಬದಲಾಗಿ, ಅವುಗಳಂತೆಯೇ ಕಾಣುವ ಮರದ ಕಡ್ಡಿಗಳನ್ನು ಐವರು ರೋಗಿಗಳ ಮೇಲೆ ಆಡಿಸಿದನು. ನಾಲ್ವರು ನೋವು ತಗ್ಗಿತೆಂದರು.

ಮಾತ್ರೆಗೆ ಹುಸಿರೂಪ ಕೊಡುವುದು ಸುಲಭ, ಕೈಚಿಕಿತ್ಸೆಗೆ ಕಷ್ಟ. ಮಾತ್ರೆ ಕೊಡುವವನಿಗೂ ಅದರ ನಿಜಸ್ವರೂಪ ತಿಳಿಯದಂತೆ ಮಾಡಬಹುದು. ಬೆನ್ನು ಒತ್ತುವವನಿಗೆ ತಾನು ಮಾಡುತ್ತಿರುವುದು ತಿಳಿದೇ ಇರುತ್ತದೆ. ಹಗುರವಾಗಿ ಸವರಿದರೂ ಆ ಸ್ಪರ್ಶವೇ ಹಿತ ನೀಡಬಹುದು. ಮುಟ್ಟದೆ ಬಿಟ್ಟರೆ ರೋಗಿಗೆ ಅದು ಚಿಕಿತ್ಸೆಯೆನಿಸದು. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು 240 ರೋಗಿಗಳಲ್ಲಿ, ಬೆನ್ನಿನ ಕೈಚಿಕಿತ್ಸೆಗೆ ಪ್ರತಿಯಾಗಿ ಶಕ್ತಿ ಹೊಮ್ಮದಂತೆ ಮಾಡಿದ ಅಲ್ಟ್ರಾಸೌಂಡ್ ಯಂತ್ರವನ್ನು ಬಳಸಿತು. ಸಲಹೆ ಹಾಗೂ ಪ್ಯಾರಾಸಿಟಮಾಲ್ ಪಡೆದಿದ್ದ ಆ ರೋಗಿಗಳು ಕೈಚಿಕಿತ್ಸೆಯಿಂದ ಇನ್ನಷ್ಟು ಬೇಗ ಚೇತರಿಸಿಕೊಳ್ಳಲಿಲ್ಲ. ಆದರೆ ಯಂತ್ರವು ಕೈಯ ಸ್ಪರ್ಶಕ್ಕೆ ಸಮವೇ ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ.

ಆದ್ದರಿಂದ ಉತ್ತಮ ಹುಸಿಚಿಕಿತ್ಸೆಯಲ್ಲಿ ಸಮಯ, ಮಾತುಕತೆ, ಮಲಗುವ ಭಂಗಿ ಇವೆಲ್ಲ ನಿಜದಂತೆಯೇ ಇರಬೇಕು. ಪರೀಕ್ಷಿಸಬೇಕಾದ ಅಂಶವೊಂದು ಮಾತ್ರ ಇರಬಾರದು. ತಮಗೆ ದೊರೆತದ್ದು ಯಾವುದೆಂದು ಭಾವಿಸಿದಿರಿ ಎಂದು ರೋಗಿಗಳನ್ನು ಕೊನೆಗೆ ಕೇಳಬೇಕು. ಹೊಸದಾಗಿ ಬಂದ ನಡನೋವು ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುವುದರಿಂದ, ಈ ಎರಡನ್ನೂ ಪಡೆಯದ ಮೂರನೆಯ ಗುಂಪೂ ಅಗತ್ಯ.

ಈ ಕ್ರಮವನ್ನು ಉಳುಕು ತೆಗೆಯುವ ಪದ್ಧತಿಗೆ ಅನ್ವಯಿಸಿದರೆ ಜಾನಪದ ಅಧ್ಯಯನದ ಪಾತ್ರ ಸ್ಪಷ್ಟವಾಗುತ್ತದೆ. ಹುಟ್ಟಿನ ನಂಬಿಕೆಯನ್ನು ಪರೀಕ್ಷಿಸಲು, ಕಾಲು ಮುಂದಾಗಿ ಹುಟ್ಟಿದವರೂ ಹಾಗೆ ಹುಟ್ಟದವರೂ ಒಂದೇ ರೀತಿಯಲ್ಲಿ ಕಾಲು ಸೋಕಿಸಬೇಕು. ಆದರೆ ಯಾರು ಹೇಗೆ ಹುಟ್ಟಿದರೆಂಬುದು ಊರಿಗೆಲ್ಲ ತಿಳಿದ ಸಂಗತಿ. ಆದಕಾರಣ ಇಬ್ಬರೂ ಪರಸ್ಥಳದವರೇ ಆಗಿರಬೇಕು. ಆಗ ಪರಿಚಿತ ಕೈಯ ಮೇಲಿನ ವಿಶ್ವಾಸ ಕಳೆದುಹೋಗುತ್ತದೆ. ವಿಶ್ವಾಸವೇ ಚಿಕಿತ್ಸೆಯ ಅಂಗವಾಗಿದ್ದರೆ, ನಾವು ಅಳೆದದ್ದು ಆ ಪದ್ಧತಿಯನ್ನೇ ಅಲ್ಲ. ಪದ್ಧತಿಯ ಅಂಗಗಳಾವುವೆಂದು ಕ್ಷೇತ್ರಕಾರ್ಯದಿಂದ ಮೊದಲು ಗುರುತಿಸದೆ ಹುಸಿರೂಪವನ್ನು ರಚಿಸಲಾಗದು.

ಹುಸಿಚಿಕಿತ್ಸೆ ದೊರೆಯುವ ಸಾಧ್ಯತೆಯನ್ನು ಭಾಗವಹಿಸುವವರಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯುವುದು ಅನಿವಾರ್ಯ. ಬಿದ್ದು ಪೆಟ್ಟಾದವರನ್ನು, ಕಾಲು ಜೋಮು ಹಿಡಿದವರನ್ನು, ಮೂತ್ರದ ಹಿಡಿತ ತಪ್ಪಿದವರನ್ನು ಪ್ರಯೋಗಕ್ಕೆ ಸೇರಿಸದೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು.

ಜನಪದ ವೈದ್ಯವನ್ನು ಮೂಢನಂಬಿಕೆಯೆಂದು ತಳ್ಳುವುದೂ ದೇಶೀಯ ವಿಜ್ಞಾನವೆಂದು ಕೊಂಡಾಡುವುದೂ ಸುಲಭ. ಒಂದು ದಿನ ಮಗ್ಗ ನಿಂತರೆ ಕೂಲಿ ಕಳೆದುಕೊಳ್ಳುವ ನೇಕಾರನಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಆತನಿಗೆ ಬೇಕಾದುದು ಪರೀಕ್ಷಿಸಿದ ಉತ್ತರ.