ಹೊಸ ಕುಟುಂಬ ವೈದ್ಯರ ಫೆಲೋಶಿಪ್‌ಗಳು (ಯುನೈಟೆಡ್ ಕಿಂಗ್‌ಡಮ್)

ಯುನೈಟೆಡ್ ಕಿಂಗ್‌ಡಮ್‌ನಲ್ಲಿ ಕುಟುಂಬ ವೈದ್ಯಕೀಯ ತರಬೇತಿಯನ್ನು ಪೂರೈಸಿದ ವೈದ್ಯರು ತಮ್ಮ ಸ್ವತಂತ್ರ ವೃತ್ತಿಯ ಮೊದಲ ವರ್ಷಗಳಲ್ಲಿ ಸೇರಬಹುದಾದ ನಿಗದಿತ ಅವಧಿಯ ಹುದ್ದೆಗಳನ್ನು ಮತ್ತು ಕಲಿಕಾ ಕಾರ್ಯಕ್ರಮಗಳನ್ನು ಫೆಲೋಶಿಪ್ ಎಂದು ಕರೆಯಲಾಗುತ್ತದೆ. ಆ ದೇಶದಲ್ಲಿ ಕುಟುಂಬ ವೈದ್ಯರಿಗೆ ಜನರಲ್ ಪ್ರಾಕ್ಟೀಷನರ್, ಸಂಕ್ಷಿಪ್ತವಾಗಿ ಜಿ.ಪಿ. ಎಂಬ ಹೆಸರಿದೆ. ಹೆಚ್ಚಿನ ಫೆಲೋಶಿಪ್‌ಗಳ ಅವಧಿ ಒಂದರಿಂದ ಎರಡು ವರ್ಷ. ವಾರದ ಬಹುಭಾಗ ರೋಗಿಗಳನ್ನು ನೋಡುವುದು, ಉಳಿದ ಭಾಗವನ್ನು ಸಂಬಳ ಸಹಿತವಾಗಿ ಕಲಿಕೆಗೆ, ಸಂಶೋಧನೆಗೆ ಅಥವಾ ವಿಶೇಷ ಕೌಶಲವೊಂದರ ಅಭ್ಯಾಸಕ್ಕೆ ಮೀಸಲಿಡುವುದು ಇವುಗಳ ಸಾಮಾನ್ಯ ಸ್ವರೂಪ.

ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್ ಸಂಸ್ಥೆಯು ತನ್ನ ಸದಸ್ಯರ ಸಾಧನೆಯನ್ನು ಗುರುತಿಸಿ ನೀಡುವ ‘ಫೆಲೋ’ ಎಂಬ ಗೌರವಕ್ಕೂ ಈ ಫೆಲೋಶಿಪ್‌ಗಳಿಗೂ ಸಂಬಂಧವಿಲ್ಲ. ಹೆಸರಿನ ಸಾಮ್ಯದಿಂದ ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು.

ಹಿನ್ನೆಲೆ

ರಾಷ್ಟ್ರೀಯ ಆರೋಗ್ಯ ಸೇವೆ (ಎನ್.ಎಚ್.ಎಸ್.) 1948ರ ಜುಲೈ 5ರಂದು ಆರಂಭವಾದಾಗ ಕುಟುಂಬ ವೈದ್ಯನಾಗಲು ಪ್ರತ್ಯೇಕ ತರಬೇತಿ ಬೇಕಿರಲಿಲ್ಲ. 1950ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜೋಸೆಫ್ ಕಾಲಿಂಗ್ಸ್ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆಯು ಇಂಗ್ಲೆಂಡಿನ ಅನೇಕ ಚಿಕಿತ್ಸಾಲಯಗಳ ಶೋಚನೀಯ ಸ್ಥಿತಿಯನ್ನು ಬಯಲಿಗಿಟ್ಟಿತು. ಎರಡು ವರ್ಷಗಳ ನಂತರ, 1952ರಲ್ಲಿ, ರಾಯಲ್ ಕಾಲೇಜಿನ ಮೂಲ ಸಂಸ್ಥೆ ಸ್ಥಾಪನೆಯಾಯಿತು. ಆದರೂ ಆಸ್ಪತ್ರೆಯ ಏಣಿಯಿಂದ ಜಾರಿದವರೇ ಜಿ.ಪಿ.ಗಳಾಗುತ್ತಾರೆ ಎಂಬ ಅಭಿಪ್ರಾಯ ವೈದ್ಯವೃತ್ತಿಯ ಮೇಲ್ಪಂಕ್ತಿಯಲ್ಲಿ ಬಹುಕಾಲ ಉಳಿದಿತ್ತು. 1958ರಲ್ಲಿ ಲಾರ್ಡ್ ಮೊರಾನ್ ಇದೇ ಅರ್ಥದ ಮಾತನ್ನು ಬಹಿರಂಗವಾಗಿ ಆಡಿ ವಿವಾದಕ್ಕೆ ಕಾರಣರಾದರು. 1976ರ ಕಾನೂನಿನ ಫಲವಾಗಿ 1980ರ ದಶಕದ ಆರಂಭದಿಂದ ವೃತ್ತಿ ತರಬೇತಿ ಕಡ್ಡಾಯವಾಯಿತು.

ಇಂದು ವೈದ್ಯಕೀಯ ಪದವಿಯ ನಂತರ ಎರಡು ವರ್ಷಗಳ ಬುನಾದಿ ತರಬೇತಿ, ಅನಂತರ ಮೂರು ವರ್ಷಗಳ ಕುಟುಂಬ ವೈದ್ಯಕೀಯ ತರಬೇತಿ ನಡೆಯುತ್ತದೆ. ಎಂ.ಆರ್.ಸಿ.ಜಿ.ಪಿ. ಪರೀಕ್ಷೆಯ ಎಲ್ಲ ಭಾಗಗಳಲ್ಲಿ ತೇರ್ಗಡೆಯಾದವರಿಗೆ ಜನರಲ್ ಮೆಡಿಕಲ್ ಕೌನ್ಸಿಲ್ ತರಬೇತಿ ಪೂರ್ಣಗೊಂಡ ಪ್ರಮಾಣಪತ್ರವನ್ನು ನೀಡುತ್ತದೆ. ಬೇರೆ ವಿಭಾಗಗಳ ತಜ್ಞತರಬೇತಿಗೆ ಸಾಮಾನ್ಯವಾಗಿ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕಾಗುವಾಗ, ಶಿಶುವಿನಿಂದ ವೃದ್ಧರವರೆಗೆ ಎಲ್ಲ ಬಗೆಯ ಕಾಯಿಲೆಗಳನ್ನೂ ನೋಡಬೇಕಾದವರಿಗೆ ಮೂರೇ ವರ್ಷ ಸಾಕೆ ಎಂಬ ಪ್ರಶ್ನೆ ಹಳೆಯದು. ತರಬೇತಿಯ ಅವಧಿಯನ್ನು ವಿಸ್ತರಿಸಬೇಕೆಂದು ರಾಯಲ್ ಕಾಲೇಜ್ ಅನೇಕ ವರ್ಷಗಳಿಂದ ಕೇಳುತ್ತ ಬಂದಿದೆ. ಫೆಲೋಶಿಪ್‌ಗಳು ಭಾಗಶಃ ಈ ಕೊರತೆಯನ್ನು ತುಂಬುತ್ತವೆ.

ಪ್ರಮಾಣಪತ್ರದ ಮರುದಿನ

ತರಬೇತಿಯಲ್ಲಿರುವ ವೈದ್ಯರಿಗೆ ಸಂದೇಹ ಬಂದಾಗ ಪಕ್ಕದ ಕೋಣೆಯಲ್ಲಿ ಕೇಳಲು ಮಾರ್ಗದರ್ಶಕರಿರುತ್ತಾರೆ; ವಾರದಲ್ಲಿ ಪಾಠಕ್ಕೆಂದೇ ಮೀಸಲಾದ ಹೊತ್ತಿರುತ್ತದೆ. ಪ್ರಮಾಣಪತ್ರ ಕೈಸೇರಿದ ಮರುದಿನ ಈ ಎರಡೂ ಇರುವುದಿಲ್ಲ. ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಬ್ಬರಂತೆ ರೋಗಿಗಳು ಬರುತ್ತಾರೆ. ಅದರ ನಡುವೆ ರಕ್ತಪರೀಕ್ಷೆಯ ವರದಿಗಳು, ಆಸ್ಪತ್ರೆಯ ಪತ್ರಗಳು, ಔಷಧಿ ಚೀಟಿಗಳ ನವೀಕರಣ ಸೇರಿಕೊಳ್ಳುತ್ತವೆ. ಎದೆನೋವೆಂದು ಬಂದವರನ್ನು ಮನೆಗೆ ಕಳಿಸಬೇಕೆ, ಆಸ್ಪತ್ರೆಗೆ ಕಳಿಸಬೇಕೆ ಎಂಬ ನಿರ್ಧಾರದ ಹೊಣೆ ಸಹಿ ಹಾಕಿದವರೊಬ್ಬರದೇ ಆಗುತ್ತದೆ. ಅನಿಶ್ಚಿತತೆಯನ್ನು ನಿಭಾಯಿಸುವ ಈ ಬಗೆಯ ವಿವೇಕವನ್ನು ಪರೀಕ್ಷೆ ಅಳೆಯಬಲ್ಲದೇ ಹೊರತು ಪೂರ್ತಿಯಾಗಿ ಕಲಿಸಲಾರದು. ಹೊಸಬರು ಕೆಲಸದ ದಿನಗಳನ್ನು ಕಡಿಮೆ ಮಾಡಿಕೊಳ್ಳುವುದಕ್ಕೂ ವೃತ್ತಿಯನ್ನೇ ಬಿಡುವುದಕ್ಕೂ ಈ ಹಂತದ ಒಂಟಿತನ ಒಂದು ಕಾರಣವೆಂದು ಗುರುತಿಸಲಾಗಿದೆ. ರಾಯಲ್ ಕಾಲೇಜ್ ಮೊದಲ ಐದು ವರ್ಷಗಳಲ್ಲಿರುವ ವೈದ್ಯರಿಗಾಗಿ ‘ಫಸ್ಟ್ ಫೈವ್’ ಎಂಬ ಬೆಂಬಲ ವ್ಯವಸ್ಥೆಯನ್ನು ನಡೆಸುತ್ತದೆ.

ಇಂಗ್ಲೆಂಡಿನ ‘ನ್ಯೂ ಟು ಪ್ರಾಕ್ಟೀಸ್’ ಯೋಜನೆ

2019ರ ಜನವರಿಯಲ್ಲಿ ಪ್ರಕಟವಾದ ಎನ್.ಎಚ್.ಎಸ್. ದೀರ್ಘಾವಧಿ ಯೋಜನೆಯು ಹೊಸ ವೈದ್ಯರಿಗೂ ದಾದಿಯರಿಗೂ ಎರಡು ವರ್ಷಗಳ ಫೆಲೋಶಿಪ್ ನೀಡುವ ಪ್ರಸ್ತಾಪವನ್ನು ಒಳಗೊಂಡಿತ್ತು. 2020ರಲ್ಲಿ ಇದು ‘ನ್ಯೂ ಟು ಪ್ರಾಕ್ಟೀಸ್’ ಎಂಬ ಹೆಸರಿನಲ್ಲಿ ಜಾರಿಗೆ ಬಂದಿತು. ಪೂರ್ಣಾವಧಿ ಕೆಲಸ ಮಾಡುವ ವೈದ್ಯರಿಗೆ ವಾರಕ್ಕೊಂದು ಸೆಷನ್ ವೃತ್ತಿ ಕಲಿಕೆಗೆ ದೊರೆಯುತ್ತಿತ್ತು. ಒಂದು ಸೆಷನ್ ಎಂದರೆ ಅರ್ಧ ದಿನ, ಲೆಕ್ಕದ ಪ್ರಕಾರ 4 ಗಂಟೆ 10 ನಿಮಿಷ; ಇಂತಹ ಒಂಬತ್ತು ಸೆಷನ್‌ಗಳು ಪೂರ್ಣಾವಧಿ ವಾರವಾಗುತ್ತವೆ. ಆ ಹೊತ್ತಿನ ವೆಚ್ಚವನ್ನು ಸರ್ಕಾರ ಚಿಕಿತ್ಸಾಲಯಕ್ಕೆ ಮರುಪಾವತಿಸುತ್ತಿತ್ತು. ಇದರೊಂದಿಗೆ ಅನುಭವಿ ವೈದ್ಯರ ಮಾರ್ಗದರ್ಶನವೂ ಸಹವರ್ತಿಗಳ ಗುಂಪು ಕಲಿಕೆಯೂ ಇದ್ದವು.

ಯೋಜನೆ ಸೇರಲು ಯಾವುದಾದರೊಂದು ಚಿಕಿತ್ಸಾಲಯದಲ್ಲಿ ಸಂಬಳದ ಅಥವಾ ಪಾಲುದಾರಿಕೆಯ ಸ್ಥಿರ ಹುದ್ದೆ ಇರಬೇಕಿತ್ತು. ದಿನಗೂಲಿಯ ರೀತಿಯಲ್ಲಿ ಅಲ್ಲಲ್ಲಿ ಕೆಲಸ ಮಾಡುವ ಬದಲಿ ವೈದ್ಯರಿಗೆ, ಅಂದರೆ ಲೋಕಮ್‌ಗಳಿಗೆ, ಅವಕಾಶವಿರಲಿಲ್ಲ. ಹೊಸಬರನ್ನು ಒಂದೆಡೆ ನೆಲೆಗೊಳಿಸುವುದೇ ಇದರ ಉದ್ದೇಶವಾಗಿದ್ದರಿಂದ ಈ ಷರತ್ತು ಸಹಜವಾಗಿತ್ತು. ಆದರೆ ಬೆಂಬಲದ ಅಗತ್ಯ ಹೆಚ್ಚಾಗಿರುವ, ಸಹೋದ್ಯೋಗಿಗಳ ಬಳಗವೇ ಇಲ್ಲದ ಲೋಕಮ್‌ಗಳು ಹೊರಗುಳಿದರು. 2024ರ ಮಾರ್ಚ್ 31ಕ್ಕೆ ರಾಷ್ಟ್ರೀಯ ಯೋಜನೆಯು ಹೊಸ ಅರ್ಜಿಗಳಿಗೆ ಮುಚ್ಚಿತು.

ಗ್ರಾಮೀಣ ಮತ್ತು ದ್ವೀಪ ಪ್ರದೇಶಗಳ ಫೆಲೋಶಿಪ್‌ಗಳು

ಸ್ಕಾಟ್ಲೆಂಡಿನ ಶಿಕ್ಷಣ ಸಂಸ್ಥೆಯಾದ ಎನ್.ಎಚ್.ಎಸ್. ಎಜುಕೇಶನ್ ಫಾರ್ ಸ್ಕಾಟ್ಲೆಂಡ್ ನಡೆಸುವ ಒಂದು ವರ್ಷದ ಗ್ರಾಮೀಣ ಫೆಲೋಶಿಪ್ ಇಂತಹ ಕಾರ್ಯಕ್ರಮಗಳಲ್ಲಿ ದೀರ್ಘಕಾಲ ಬಾಳಿದ್ದು. ಶೆಟ್ಲೆಂಡ್, ಆರ್ಕ್ನಿ, ಪಶ್ಚಿಮ ದ್ವೀಪಗಳು, ಹೈಲ್ಯಾಂಡ್ ಮೊದಲಾದ ಕಡೆ ಕುಟುಂಬ ವೈದ್ಯರ ಕೆಲಸದ ಸ್ವರೂಪವೇ ಬೇರೆ. ಬಿರುಗಾಳಿಯ ದಿನ ದೋಣಿಯೂ ಹೆಲಿಕಾಪ್ಟರೂ ಬರದಿದ್ದರೆ ರಸ್ತೆ ಅಪಘಾತದ ಗಾಯಾಳುವನ್ನೋ ಹೃದಯಾಘಾತವಾದವರನ್ನೋ ಸ್ಥಳೀಯ ವೈದ್ಯರೇ ಗಂಟೆಗಟ್ಟಲೆ ನೋಡಿಕೊಳ್ಳಬೇಕು. ನಗರದಲ್ಲಿ ತರಬೇತಾದವರಿಗೆ ಈ ಅಭ್ಯಾಸವಿರುವುದಿಲ್ಲ. ಫೆಲೋಗಳು ಹಳ್ಳಿಯ ಚಿಕಿತ್ಸಾಲಯಗಳಲ್ಲಿ ಕೆಲಸ ಮಾಡುತ್ತಲೇ, ತುರ್ತು ಚಿಕಿತ್ಸೆಯಂತಹ ತಮಗೆ ಬೇಕಾದ ಕೌಶಲಗಳನ್ನು ಆಸ್ಪತ್ರೆಗಳಲ್ಲಿ ಕಲಿಯುತ್ತಾರೆ. ಆಸ್ಪತ್ರೆಪೂರ್ವ ತುರ್ತು ಚಿಕಿತ್ಸೆಯಲ್ಲಿ ಬೇಸಿಕ್ಸ್ ಸ್ಕಾಟ್ಲೆಂಡ್ ಸಂಸ್ಥೆಯ ತರಬೇತಿ ಗ್ರಾಮೀಣ ವೈದ್ಯರಲ್ಲಿ ಪ್ರಚಲಿತವಾಗಿದೆ.

ಬಡ ಬಡಾವಣೆಗಳ ಫೆಲೋಶಿಪ್‌ಗಳು

ವೇಲ್ಸ್‌ನ ಗಣಿಹಳ್ಳಿ ಗ್ಲಿನ್‌ಕಾರ್ಗ್‌ನಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ‘ವಿಲೋಮ ಆರೈಕೆಯ ನಿಯಮ’ವನ್ನು ಮಂಡಿಸಿದರು. ಆರೈಕೆ ಹೆಚ್ಚು ಬೇಕಾದ ಜನರಿಗೇ ಉತ್ತಮ ಆರೈಕೆ ಕಡಿಮೆ ಸಿಗುತ್ತದೆ ಎಂಬುದು ಅದರ ಸಾರ. ಸ್ಕಾಟ್ಲೆಂಡಿನ ಅತ್ಯಂತ ಬಡ ಜನವಸತಿಗಳಿಗೆ ಸೇವೆ ಸಲ್ಲಿಸುವ ನೂರು ಚಿಕಿತ್ಸಾಲಯಗಳ ವೈದ್ಯರು 2009ರಲ್ಲಿ ‘ಡೀಪ್ ಎಂಡ್’ ಎಂಬ ಬಳಗ ಕಟ್ಟಿಕೊಂಡರು. ಇವುಗಳಲ್ಲಿ ಹೆಚ್ಚಿನವು ಗ್ಲಾಸ್ಗೋ ಪರಿಸರದಲ್ಲಿವೆ. ಈ ಬಳಗದ ‘ಪಯನಿಯರ್’ ಯೋಜನೆಯು ಹೊಸ ವೈದ್ಯರನ್ನು ಫೆಲೋಗಳಾಗಿ ಇಂತಹ ಚಿಕಿತ್ಸಾಲಯಗಳಿಗೆ ಕರೆತಂದಿತು. ಹೊಸಬರು ರೋಗಿಗಳನ್ನು ನೋಡಿದ್ದರಿಂದ ಹಿರಿಯ ವೈದ್ಯರಿಗೂ ಬಿಡುವು ದೊರೆತು, ಸಂಕೀರ್ಣ ಸಮಸ್ಯೆಗಳಿರುವ ರೋಗಿಗಳಿಗೆ ಹೆಚ್ಚು ಸಮಯ ಕೊಡುವುದು ಸಾಧ್ಯವಾಯಿತು. ಕಲಿಯುವವರಿಗೆ ಮಾತ್ರವಲ್ಲದೆ ಕಲಿಸುವವರಿಗೂ ಸಮಯ ಮೀಸಲಿಟ್ಟದ್ದು ಈ ಯೋಜನೆಯ ವೈಶಿಷ್ಟ್ಯ.

ಇತರ ಬಗೆಗಳು

ಸಂಶೋಧನಾಸಕ್ತರಿಗೆ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯು ‘ಇನ್-ಪ್ರಾಕ್ಟೀಸ್’ ಫೆಲೋಶಿಪ್ ನೀಡುತ್ತ ಬಂದಿದೆ. ವೈದ್ಯಕೀಯ ಬೋಧನೆ, ಉಪಶಾಮಕ ಆರೈಕೆ, ವೃದ್ಧರ ಆರೈಕೆ, ಚರ್ಮರೋಗ, ವ್ಯಸನ ಚಿಕಿತ್ಸೆ ಮುಂತಾದ ಕ್ಷೇತ್ರಗಳಲ್ಲಿ ಸ್ಥಳೀಯ ಫೆಲೋಶಿಪ್‌ಗಳಿರುತ್ತವೆ. ಇವುಗಳ ಹಣಕಾಸು ಬಹುತೇಕ ವರ್ಷದಿಂದ ವರ್ಷಕ್ಕೆ ನಿರ್ಧಾರವಾಗುವುದರಿಂದ ಒಂದು ವರ್ಷ ಇದ್ದದ್ದು ಮರುವರ್ಷ ಇರುತ್ತದೆ ಎಂಬ ಖಾತರಿ ಇಲ್ಲ.

ವಿದೇಶಿ ಪದವೀಧರರು

ಎನ್.ಎಚ್.ಎಸ್.ನಲ್ಲಿ ಭಾರತೀಯ ವೈದ್ಯರ ಸೇವೆ ಅದರ ಆರಂಭದ ದಶಕಗಳಿಂದಲೂ ಇದೆ. ಇಂದು ಕುಟುಂಬ ವೈದ್ಯಕೀಯ ತರಬೇತಿ ಪಡೆಯುವವರಲ್ಲಿ ಹೊರದೇಶಗಳಲ್ಲಿ ಪದವಿ ಪಡೆದವರ ಸಂಖ್ಯೆ ಗಣನೀಯ. ಇವರಿಗೆ ವೀಸಾದ ತೊಡಕೊಂದಿದೆ. ಖಾಯಂ ವಾಸಕ್ಕೆ ಅರ್ಜಿ ಸಲ್ಲಿಸಲು ಐದು ವರ್ಷ ಬೇಕೆಂಬ ನಿಯಮದಡಿ, ಐದು ವರ್ಷಕ್ಕಿಂತ ಹೆಚ್ಚು ಕಾಲ ತರಬೇತಿ ಪಡೆಯುವ ಶಸ್ತ್ರಚಿಕಿತ್ಸಕರಿಗೆ ಇಲ್ಲದ ಅಡ್ಡಿ ಮೂರು ವರ್ಷದ ತರಬೇತಿ ಮುಗಿಸಿದ ಕುಟುಂಬ ವೈದ್ಯರಿಗೆ ಎದುರಾಗುತ್ತದೆ. ಪ್ರಮಾಣಪತ್ರ ದೊರೆತ ಕೂಡಲೇ ವೀಸಾ ಪ್ರಾಯೋಜಿಸುವ ಪರವಾನಗಿ ಇರುವ ಚಿಕಿತ್ಸಾಲಯವನ್ನು ಅವರು ಹುಡುಕಬೇಕು. ಸಣ್ಣ ಚಿಕಿತ್ಸಾಲಯಗಳಲ್ಲಿ ಅನೇಕವಕ್ಕೆ ಆ ಪರವಾನಗಿ ಇರುವುದಿಲ್ಲ. ಉದ್ಯೋಗ ಹುಡುಕಲು ನಾಲ್ಕು ತಿಂಗಳ ಹೆಚ್ಚುವರಿ ಕಾಲಾವಕಾಶವನ್ನು ಬ್ರಿಟಿಷ್ ಸರ್ಕಾರ ನಂತರ ಒದಗಿಸಿತು. ಫೆಲೋಶಿಪ್‌ಗೆ ಅರ್ಜಿ ಹಾಕುವ ವಿದೇಶಿ ಪದವೀಧರರು ಆ ಹುದ್ದೆಗೆ ಪ್ರಾಯೋಜಕತ್ವವಿದೆಯೇ ಎಂಬುದನ್ನೇ ಮೊದಲು ವಿಚಾರಿಸಬೇಕಾಗುತ್ತದೆ.

2024ರ ನಂತರ

ರಾಷ್ಟ್ರೀಯ ಫೆಲೋಶಿಪ್ ನಿಂತ ವರ್ಷವೇ ಇಂಗ್ಲೆಂಡಿನಲ್ಲಿ ವಿಚಿತ್ರವಾದ ಪರಿಸ್ಥಿತಿ ಕಾಣಿಸಿಕೊಂಡಿತು. ರೋಗಿಗಳು ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯುತ್ತಿದ್ದರೆ, ಚಿಕಿತ್ಸಾಲಯಗಳಲ್ಲಿ ನೇಮಕಕ್ಕೆ ಹಣವಿಲ್ಲದೆ ಹೊಸ ವೈದ್ಯರು ಕೆಲಸ ಹುಡುಕುತ್ತಿದ್ದರು. ಅದುವರೆಗೆ ಔಷಧತಜ್ಞರು, ಭೌತಚಿಕಿತ್ಸಕರು ಮೊದಲಾದವರ ನೇಮಕಕ್ಕಷ್ಟೇ ಬಳಸಬಹುದಾಗಿದ್ದ ಹೆಚ್ಚುವರಿ ಹುದ್ದೆಗಳ ನಿಧಿಯನ್ನು ಸರ್ಕಾರ 2024ರ ಅಕ್ಟೋಬರ್‌ನಿಂದ ಹೊಸ ಜಿ.ಪಿ.ಗಳಿಗೂ ತೆರೆಯಿತು. ಸುಮಾರು ಒಂದು ಸಾವಿರ ವೈದ್ಯರ ನೇಮಕದ ಗುರಿಯೊಂದಿಗೆ 8.2 ಕೋಟಿ ಪೌಂಡ್‌ಗಳನ್ನು ಘೋಷಿಸಲಾಯಿತು. ತರಬೇತಿ ಮುಗಿಸಿ ಎರಡು ವರ್ಷ ಮೀರದವರು ಆಗ ಇದಕ್ಕೆ ಅರ್ಹರಾಗಿದ್ದರು. ಇದು ಉದ್ಯೋಗ ಒದಗಿಸುವ ಕ್ರಮವೇ ಹೊರತು ಫೆಲೋಶಿಪ್ ಅಲ್ಲ. ಹಿಂದಿನ ಯೋಜನೆಯಲ್ಲಿದ್ದ ವಾರಕ್ಕೊಂದು ಸೆಷನ್‌ನ ಮರುಪಾವತಿ ಇದರ ಭಾಗವಾಗಿರಲಿಲ್ಲ.