ಯೆಹೂದ್ಯರ ಮನೆಯ ದೀಪಗಳು

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆ, ಬಳೆ, ಲೇಸು ಅಂತ ಸುತ್ತದ ಬೆಂಗಳೂರಿನ ಗೃಹಿಣಿ ಉಂಟೇ? ಅದೇ ಬೀದಿಯಲ್ಲಿ ಹಿಂದೆ ರೂಬಿನ್ ಮೋಸೆಸ್ ಎಂಬುವರ ಹೆಸರಾಂತ ಪಾದರಕ್ಷೆ ಅಂಗಡಿ ಇತ್ತು. ಅಂಗಡಿಯ ಯಜಮಾನರು ಯೆಹೂದ್ಯರು. ದಂಡು ಪ್ರದೇಶದಲ್ಲಿ ಯೆಹೂದ್ಯರ ಕೆಲವು ಸಂಸಾರಗಳು ನೆಲೆಸಿದ್ದವು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ರಸ್ತೆಯಲ್ಲಿ ಕೊಟ್ಟ ಜಾಗದಲ್ಲಿ ಅವರ ಸ್ಮಶಾನ ಇಂದಿಗೂ ಇದೆ. ಆದರೆ ಸ್ಮಶಾನದ ಮಾತು ಈಗ ಬೇಡ. ಅವರ ಹಬ್ಬದ ಮಾತಾಡೋಣ.

ಆ ಹಬ್ಬದ ಹೆಸರು ಹನುಕ್ಕಾ. ನಮ್ಮ ದೀಪಾವಳಿ ಮುಗಿದು ಒಂದೆರಡು ತಿಂಗಳಿಗೆ, ಚಳಿ ಕಚ್ಚುವ ಹೊತ್ತಿಗೆ ಬರುತ್ತದೆ. ಅವರದೂ ಚಂದ್ರನ ಲೆಕ್ಕವೇ. ಕಿಸ್ಲೇವ್ ಎಂಬ ಮಾಸದ 25ನೆಯ ದಿನ ಶುರುವಾಗಿ ಎಂಟು ದಿನ ನಡೆಯುತ್ತದೆ. ಅಂದರೆ ನಡುವೆ ಅಮಾವಾಸ್ಯೆ ಬಂದೇ ಬರುತ್ತದೆ. ಕತ್ತಲಲ್ಲೇ ದೀಪದ ಹಬ್ಬ ಮಾಡಬೇಕೆಂದು ನಮ್ಮ ಹಿರಿಯರಿಗೂ ಅವರ ಹಿರಿಯರಿಗೂ ಹೊಳೆದದ್ದು ನೋಡಿ!

ಕಥೆ ಹಳೆಯದು. ಕ್ರಿಸ್ತಪೂರ್ವ 167ರ ಸುಮಾರಿಗೆ ಸಿರಿಯಾದ ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸ್ ಯೆಹೂದ್ಯರ ಆಚಾರಗಳನ್ನೆಲ್ಲ ನಿಷೇಧಿಸಿ, ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ. ಮೊದೀನ್ ಎಂಬ ಹಳ್ಳಿಯ ಪುರೋಹಿತ ಮತ್ತಥಿಯಾಸನೂ ಅವನ ಐವರು ಮಕ್ಕಳೂ ತಿರುಗಿಬಿದ್ದರು. ಮಗ ಯೂದಾ ಮಕ್ಕಬಿ ಕ್ರಿಸ್ತಪೂರ್ವ 164ರಲ್ಲಿ ದೇವಾಲಯವನ್ನು ಶುದ್ಧಿಮಾಡಿಸಿ ಮತ್ತೆ ದೇವರಿಗೆ ಅರ್ಪಿಸಿದ. ಹನುಕ್ಕಾ ಎಂದರೆ ಸಮರ್ಪಣೆ. ಆಗ ಒಂದೇ ಒಂದು ದಿನಕ್ಕಾಗುವಷ್ಟು ಮಡಿ ಎಣ್ಣೆ ಸಿಕ್ಕಿತಂತೆ. ಅದು ಎಂಟು ದಿನ ಉರಿಯಿತಂತೆ. ಈ ಎಣ್ಣೆಯ ಕಥೆ ಯುದ್ಧದ ಕಾಲದ ಹತ್ತಿರದ ಗ್ರಂಥಗಳಲ್ಲಿಲ್ಲ, ಎಷ್ಟೋ ಶತಮಾನ ತಡವಾಗಿ ತಾಲ್ಮೂದಿನಲ್ಲಿ ಬರುತ್ತದೆ. ಆದರೂ ಜನ ನೆನಪಿಟ್ಟುಕೊಂಡದ್ದು ಕತ್ತಿಯನ್ನಲ್ಲ, ಎಣ್ಣೆಯ ಕುಡಿಕೆಯನ್ನು.

ನನಗೆ ಹೆಚ್ಚು ಹಿಡಿಸಿದ್ದು ಕಥೆಗಿಂತ ಅವರ ಶಾಸ್ತ್ರ. ಮೊದಲ ರಾತ್ರಿ ಒಂದು ದೀಪ, ಎರಡನೆಯ ರಾತ್ರಿ ಎರಡು, ಹೀಗೆ ಎಂಟರವರೆಗೆ ಏರಿಸುತ್ತಾ ಹೋಗಬೇಕು. ಶಮ್ಮಾಯ್ ಪಂಥದವರು ಎಂಟರಿಂದ ಇಳಿಸಿಕೊಂಡು ಬನ್ನಿ ಅಂದರು. ಹಿಲ್ಲೆಲ್ ಪಂಥದವರು, ಪವಿತ್ರ ಕಾರ್ಯದಲ್ಲಿ ಏರಿಕೆಯೇ ಹೊರತು ಇಳಿಕೆ ಕೂಡದು ಅಂದರು. ಗೆದ್ದದ್ದು ಹಿಲ್ಲೆಲ್ ಮಾತು. ಒಟ್ಟು 36 ದೀಪಗಳಾದವು. ಆಲಿವ್ ಎಣ್ಣೆ ಶ್ರೇಷ್ಠ, ಇಲ್ಲದಿದ್ದರೆ ಯಾವ ಎಣ್ಣೆಯಾದರೂ, ಮೇಣದ ಬತ್ತಿಯಾದರೂ ಸರಿ. ದಾರಿಹೋಕರಿಗೆ ಕಾಣುವಂತೆ ಬಾಗಿಲಲ್ಲೋ ಕಿಟಕಿಯಲ್ಲೋ ಇಡಬೇಕು. ಪ್ರಾಣಾಪಾಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೂ ಸಾಕು. ಈ ವಿನಾಯಿತಿಯನ್ನು ಓದಿದಾಗ ಆ ಜನ ಪಟ್ಟ ಪಾಡು ಕಣ್ಣಿಗೆ ಕಟ್ಟುತ್ತದೆ. ಪ್ರಾರ್ಥನಾ ಮಂದಿರದಲ್ಲಿ ಹಚ್ಚಿ ಬಂದೆವಲ್ಲ ಅಂತ ಸುಮ್ಮನಿರುವಂತಿಲ್ಲ, ಮನೆಯಲ್ಲೂ ಹಚ್ಚಲೇಬೇಕು. ಶುಕ್ರವಾರ ಸಂಜೆ ಸಬ್ಬತ್ ದೀಪಕ್ಕಿಂತ ಮೊದಲೇ ಇವನ್ನು ಹಚ್ಚಿಬಿಡಬೇಕು, ಆಮೇಲೆ ಬೆಂಕಿ ಮುಟ್ಟುವ ಹಾಗಿಲ್ಲವಲ್ಲ.

ಈ ದೀಪದ ಬೆಳಕಿನಲ್ಲಿ ಓದುವುದು, ಹಣ ಎಣಿಸುವುದು ಯಾವುದೂ ಕೂಡದು. ಅದು ನೋಡುವುದಕ್ಕೆ ಮಾತ್ರ. ಅಪ್ಪಿತಪ್ಪಿ ಬೆಳಕು ಉಪಯೋಗವಾದರೂ ಅದು ಬೇರೆಯದಾಗಲಿ ಎಂದು ಪಕ್ಕದಲ್ಲಿ ‘ಶಮ್ಮಾಶ್’ ಎಂಬ ಒಂದು ಸೇವಕ ದೀಪ ಇಡುತ್ತಾರೆ.

ಈಗ ನಮ್ಮ ವಿಷಯಕ್ಕೆ ಬರೋಣ. ಯೆಹೂದ್ಯ ಶಾಸ್ತ್ರದಲ್ಲಿ ಹೊತ್ತಿಗೆ ಕಟ್ಟುಬಿದ್ದ ಎಷ್ಟೋ ವಿಧಿಗಳಿಂದ ಹೆಂಗಸರಿಗೆ ವಿನಾಯಿತಿ ಉಂಟು. ಆದರೆ ಹನುಕ್ಕಾ ದೀಪ ಹಚ್ಚುವುದು ಹೆಂಗಸರಿಗೂ ಕಡ್ಡಾಯ, ಏಕೆಂದರೆ ಆ ಪವಾಡದಲ್ಲಿ ಅವರೂ ಪಾಲುಗಾರರು ಎನ್ನುತ್ತದೆ ತಾಲ್ಮೂದು. ಇನ್ನೊಂದು ರೂಢಿ ಕೇಳಿ: ದೀಪ ಉರಿಯುವ ಕನಿಷ್ಠ ಅರ್ಧ ಗಂಟೆ ಹೆಂಗಸರು ಮನೆಗೆಲಸ ಮುಟ್ಟಬಾರದು. ಹೊಲಿಗೆ ಇಲ್ಲ, ಬಟ್ಟೆ ಒಗೆಯುವುದಿಲ್ಲ. ಅಡಿಗೆಗೆ ಮಾತ್ರ ಅಡ್ಡಿಯಿಲ್ಲ ಅಂದ ಪಂಡಿತರೂ ಇದ್ದಾರೆ. (ಪಂಡಿತರಿಗೂ ಹಸಿವು ತಾನೆ!) ನಮ್ಮ ಹಬ್ಬಗಳಲ್ಲಿ ಬೆಳಗಿನ ಜಾವದಿಂದ ಸೊಂಟ ಬಗ್ಗಿಸಿದವರು ಪೂಜೆಯ ಹೊತ್ತಿಗೂ ಒಲೆಯ ಮುಂದೇ ಇರುತ್ತೇವಲ್ಲ, ಆ ಅರ್ಧ ಗಂಟೆಯ ಬೆಲೆ ನಮಗೆ ಗೊತ್ತು.

ಬಡವನಾದವನು ಉಟ್ಟ ಬಟ್ಟೆ ಮಾರಿಯಾದರೂ, ಬೇಡಿಯಾದರೂ ಹನುಕ್ಕಾಕ್ಕೆ ಎಣ್ಣೆ ತರಬೇಕೆಂದು 12ನೆಯ ಶತಮಾನದ ಪಂಡಿತ ಮೈಮೋನಿಡಿಸ್ ವಿಧಿಸುತ್ತಾನೆ. ಅಷ್ಟು ಕಟ್ಟುನಿಟ್ಟಿನವನೇ, ಕೈಯಲ್ಲಿ ಒಂದೇ ದೀಪದ ಎಣ್ಣೆ ಇದ್ದರೆ ಮನೆಯೊಳಗಿನ ಸಬ್ಬತ್ ದೀಪ ಮೊದಲು, ಹನುಕ್ಕಾ ದೀಪ ಆಮೇಲೆ ಎನ್ನುತ್ತಾನೆ. ಕತ್ತಲ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ, ಮನೆಯ ನೆಮ್ಮದಿ ಪವಾಡಕ್ಕಿಂತ ದೊಡ್ಡದು ಎಂಬುದು ಅವನ ಲೆಕ್ಕ. ಶಾಸ್ತ್ರ ಬರೆದವರು ಸಂಸಾರ ಬಲ್ಲವರು.

ನಮ್ಮ ದೇಶದ ಯೆಹೂದ್ಯರಲ್ಲಿ ಕೊಂಕಣ ತೀರದ ಬೆನೆ ಇಸ್ರೇಲರ ವಿಷಯ ಸ್ವಾರಸ್ಯವಾದದ್ದು. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರೆಂದು ಅವರ ಹೇಳಿಕೆ. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಜನ ಅವರನ್ನು ‘ಶನಿವಾರ ತೇಲಿ’ ಎಂದರು. ಎಣ್ಣೆಯವರಾದರೂ ಎಣ್ಣೆಯ ಈ ಹಬ್ಬ ಅವರಿಗೆ ಬಹುಕಾಲ ತಿಳಿದೇ ಇರಲಿಲ್ಲ! ಕೊಚ್ಚಿ, ಬಾಗ್ದಾದಿನ ಯೆಹೂದ್ಯರ ಒಡನಾಟವಾದ ಮೇಲೆ ಕಲಿತರು. ಆದರೆ ಅವಲಕ್ಕಿ, ಬೆಲ್ಲ ಅಥವಾ ಸಕ್ಕರೆ, ತೆಂಗಿನತುರಿ, ಏಲಕ್ಕಿ ಕಲೆಸಿ, ಸುತ್ತ ಹಣ್ಣಿಟ್ಟು ದೇವರಿಗೆ ಕೃತಜ್ಞತೆ ಹೇಳುವ ‘ಮಲಿದಾ’ ಅವರದೇ. ನಮ್ಮ ಸಿಹಿ ಅವಲಕ್ಕಿಗೆ ಅಕ್ಕತಂಗಿ ಅನ್ನಿ.

ಎಣ್ಣೆಯ ನೆನಪಿಗೆ ಹನುಕ್ಕಾದಲ್ಲಿ ಕರಿದ ತಿಂಡಿ ಆಗಲೇಬೇಕು. ಯೂರೋಪಿನ ಯೆಹೂದ್ಯರು ಮಾಡುವ ‘ಲಾಟ್ಕೆ’ ನೀವೂ ಮಾಡಿ ನೋಡಿ. ಅರ್ಧ ಕಿಲೋ ಆಲೂಗಡ್ಡೆ, ಒಂದು ಈರುಳ್ಳಿ ತುರಿದು ತೆಳು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಒಂದು ಮೊಟ್ಟೆ, ಎರಡು ಚಮಚ ಮೈದಾ, ಉಪ್ಪು, ಮೆಣಸಿನ ಪುಡಿ ಕಲೆಸಿ. ಮೊಟ್ಟೆ ಬೇಡದವರು ಮೈದಾವನ್ನೇ ಇನ್ನೆರಡು ಚಮಚ ಹಾಕಿಕೊಳ್ಳಿ. ಕಾವಲಿಯಲ್ಲಿ ಎಣ್ಣೆ ಧಾರಾಳವಾಗಿ ಬಿಟ್ಟು, ಚಿಕ್ಕ ಚಿಕ್ಕದಾಗಿ ತಟ್ಟಿ ಎರಡೂ ಕಡೆ ಕೆಂಪಗೆ ಕರಿಯಿರಿ. ನೀರು ಸರಿಯಾಗಿ ಹಿಂಡದಿದ್ದರೆ ಎಣ್ಣೆಯಲ್ಲಿ ಬಿಟ್ಟುಕೊಂಡು ಚೂರಾಗುತ್ತೆ. ಅವರು ಇದನ್ನು ಬೇಯಿಸಿ ಮಸೆದ ಸೇಬಿನ ಜೊತೆ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಮಕ್ಕಳು ಸೇಬನ್ನು ಪಕ್ಕಕ್ಕಿಟ್ಟು ಹುಣಸೆ ಚಟ್ನಿ ಕೇಳಿದರು.