ಗನ್‌ಮ್ಯಾನ್ ಬೇಕೇ ಸಾಹುಕಾರರೇ? ಮೊದಲು ಲೈಸೆನ್ಸ್ ಕೇಳಿ!

ಹೊಂಗನೂರು: ರೇಷ್ಮೆ, ತೆಂಗು, ಮರದ ಬೊಂಬೆ. ಚನ್ನಪಟ್ಟಣ ತಾಲ್ಲೂಕಿನ ಈ ಸರಕಿಗೆಲ್ಲ ಒಳ್ಳೆ ರೇಟು ಸಿಗೋದು ಊರು ದಾಟಿದ ಮೇಲೇನೇ. ಹಾಗಾಗಿ ಹೊಂಗನೂರಿನಂಥ ಊರಿನ ವ್ಯಾಪಾರಿಗೂ ಬೆಂಗಳೂರು, ಮುಂಬಯಿ, ದಿಲ್ಲಿಯ ದಾರಿ ತಪ್ಪಿದ್ದಲ್ಲ. ಹೋಗುವಾಗ ಜೇಬು ಖಾಲಿ, ಹೆದರಿಕೆ ಇಲ್ಲ. ವಸೂಲಿ ಮುಗಿಸಿ ವಾಪಸ್ಸು ಬರುವಾಗ ಎದೆ ಡವಡವ. "ಜೊತೆಗೊಬ್ಬ ಗನ್‌ಮ್ಯಾನ್ ಇದ್ದಿದ್ರೆ ಚೆನ್ನಾಗಿತ್ತು ಕಣಣ್ಣ" ಅನ್ನುವ ಮಾತು ಅಂಗಡಿ ಬೀದಿಯಲ್ಲಿ ಹುಟ್ಟೋದು ಈ ಭಯದಿಂದಲೇ.

ಇದೇನೂ ಹೊಸ ಯೋಚನೆಯಲ್ಲ. ಸಾವಿರ ವರ್ಷದ ಹಿಂದೆ ನಮ್ಮ ಕನ್ನಡ ನಾಡಿನ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘ ದೂರದ ಊರುಗಳಿಗೆ ಸರಕು ಹೊರಡಿಸುವಾಗ ಸ್ವಂತ ಆಯುಧಪಾಣಿಗಳನ್ನೇ ಜೊತೆಗೆ ಕಳಿಸುತ್ತಿತ್ತು. ಅವತ್ತು ಕತ್ತಿ ಹಿಡಿದವನು ಸಂಘದ ಆಳು. ಇವತ್ತು ಬಾಡಿಗೆಗೆ ಬರುವವನು ಯಾರ ಆಳು? ತೊಡಕು ಇರೋದು ಅಲ್ಲೇ.

ಬೇಲಿಯೇ ಹೊಲ ಮೇಯ್ದರೆ

2025ರ ನವೆಂಬರ್ 19ರಂದು ಬೆಂಗಳೂರಿನಲ್ಲಿ ಹಾಡಹಗಲೇ ಎಟಿಎಂ ಹಣದ ವ್ಯಾನು ತಡೆದು 7.11 ಕೋಟಿ ರೂಪಾಯಿ ದೋಚಿದರು. ಬಂದೂಕಿನ ಕಾವಲು ಇರಲಿಲ್ಲವೇ? ಇತ್ತು. ಬಂದವರು "ನಾವು ರಿಸರ್ವ್ ಬ್ಯಾಂಕಿನವರು" ಎಂದರು, ಕಾವಲಿನವರು ನಂಬಿದರು. ಆಮೇಲೆ ಸಿಕ್ಕಿಬಿದ್ದವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್, ಇನ್ನೊಬ್ಬ ಅದೇ ಹಣ ಸಾಗಣೆ ಕಂಪನಿಯ ಮಾಜಿ ನೌಕರ! 2016ರ ನವೆಂಬರ್‌ನಲ್ಲೂ ಅಷ್ಟೇ. ಬೆಂಗಳೂರಿನಲ್ಲಿ 1.37 ಕೋಟಿ ಇದ್ದ ವ್ಯಾನಿನ ಸಮೇತ ಪರಾರಿಯಾದವನು ಅದರ ಡ್ರೈವರ್ರೇ.

ಕಳ್ಳ ಹೊರಗಿನಿಂದಲೇ ಬರಬೇಕೆಂದಿಲ್ಲ. ಹಣ ಎಷ್ಟಿದೆ, ಯಾವ ಬಸ್ಸಿಗೆ ಹೊರಡುತ್ತೆ ಅಂತ ಗೊತ್ತಿರುವವನೇ ಮೊದಲ ಅಪಾಯ. ಗುರುತು ಪರಿಚಯವಿಲ್ಲದ ದಾಂಡಿಗನನ್ನು ದಿನಗೂಲಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರೆ ಆ ಗುಟ್ಟನ್ನೆಲ್ಲ ತಾನಾಗೇ ಅವನ ಕೈಗಿಟ್ಟ ಹಾಗೆ.

ಕೇಳಬೇಕಾದ ಕಾಗದ

ಇದಕ್ಕೆಂದೇ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಇದೆ. ಕಾವಲಿನವರನ್ನು ಒದಗಿಸುವ ಏಜೆನ್ಸಿ ಸರ್ಕಾರದ ಲೈಸೆನ್ಸ್ ಪಡೆದಿರಲೇಬೇಕು. ಅದರ ಅವಧಿ 5 ವರ್ಷ, ಆಫೀಸಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಲೈಸೆನ್ಸ್ ಇಲ್ಲದೆ ಧಂಧೆ ನಡೆಸಿದರೆ 1 ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಾರ್ಡ್‌ನ ಹಿಂದುಮುಂದು ವಿಚಾರಿಸಿಯೇ ಕೆಲಸಕ್ಕೆ ತೆಗೆದುಕೊಳ್ಳಬೇಕು. ಕೇಂದ್ರದ ಮಾದರಿ ನಿಯಮದ ಪ್ರಕಾರ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ ಆಗಿರಬೇಕು. ಫೋಟೋ ಇರುವ ಗುರುತಿನ ಚೀಟಿ ಅವನ ಹತ್ತಿರ ಇರಲೇಬೇಕು. ಪೊಲೀಸ್ ಅಥವಾ ಮಿಲಿಟರಿಯವರ ಹಾಗೆ ಕಾಣುವ ಸಮವಸ್ತ್ರ ತೊಟ್ಟು ಬಂದರೆ ಅದೂ ಅಪರಾಧವೇ.

ಇನ್ನು ಬಂದೂಕು. ಏಜೆನ್ಸಿಯ ಲೈಸೆನ್ಸೇ ಬೇರೆ, ಬಂದೂಕಿನದೇ ಬೇರೆ. ಬಂದೂಕಿನ ಲೈಸೆನ್ಸಿನಲ್ಲಿ ಅದು ಎಲ್ಲೆಲ್ಲಿ ನಡೆಯುತ್ತದೆ ಎಂದು ಬರೆದಿರುತ್ತದೆ. ಕರ್ನಾಟಕ ಮಾತ್ರ ಎಂದಿದ್ದರೆ ಅದನ್ನು ಹಿಡಿದು ಹೊಸೂರಿಗೂ ಕಾಲಿಡುವಂತಿಲ್ಲ. ಏಜೆನ್ಸಿಗಳಿಗೂ ರಾಜ್ಯ ರಾಜ್ಯಕ್ಕೆ ಪ್ರತ್ಯೇಕ ಲೈಸೆನ್ಸ್. ಆದ್ದರಿಂದ ಮುಂಬಯಿಗೋ ದಿಲ್ಲಿಗೋ ಹೋಗುವವರು ಇಲ್ಲಿಂದ ಆಳು ಕರೆದೊಯ್ಯುವುದಕ್ಕಿಂತ ಅಲ್ಲಿನ ಲೈಸೆನ್ಸ್ ಇರುವ ಏಜೆನ್ಸಿಗೆ ಹೇಳಿ, ಸ್ಟೇಷನ್ನಿಗೇ ಬರುವಂತೆ ಮಾಡಿಕೊಳ್ಳುವುದು ಸಲೀಸು. ಬಂದವನ ಗುರುತಿನ ಚೀಟಿ ನೋಡಿ, ಏಜೆನ್ಸಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಕಾರು ಹತ್ತಬೇಕು.

ಗನ್‌ಮ್ಯಾನ್ ಪೊಲೀಸ್ ಅಲ್ಲ ಅನ್ನೋದೂ ನೆನಪಿರಲಿ. ಬಾಕಿ ಕೊಡದವನನ್ನು ಹೆದರಿಸಲು ಅವನನ್ನು ಮುಂದೆ ಬಿಟ್ಟರೆ ಕೇಸು ಬೀಳೋದು ಸಾಹುಕಾರರ ಮೇಲೂ ಹೌದು. ಜೀವ, ಆಸ್ತಿ ಉಳಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಬಲ ಬಳಸಲು ಕಾನೂನಿನ ಒಪ್ಪಿಗೆ. ಕಣ್ಣೆದುರೇ ದರೋಡೆ ಮಾಡಿದವನನ್ನು ಹಿಡಿದರೂ 2024ರ ಜುಲೈನಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಅಷ್ಟು ನೋಟು ಯಾಕೆ?

ಕಡೆಗೆ ಉಳಿಯುವ ಪ್ರಶ್ನೆ ಇದು. ಒಬ್ಬನಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ 2017ರ ಏಪ್ರಿಲ್‌ನಿಂದಲೇ ಆದಾಯ ತೆರಿಗೆ ಕಾನೂನಿನ ತಡೆ ಇದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಣ ಬ್ಯಾಂಕಿನಿಂದ ಬ್ಯಾಂಕಿಗೇ ಹೋದರೆ ಚೀಲಕ್ಕೆ ಕಾವಲೂ ಬೇಡ, ದಾರಿಯುದ್ದಕ್ಕೂ ನಿದ್ದೆಗೆಡುವುದೂ ಬೇಡ.

ಜೀವಕ್ಕೇ ಬೆದರಿಕೆ ಇದ್ದವರು, ಬೆಲೆಬಾಳುವ ಸರಕನ್ನು ಕೈಯಲ್ಲೇ ಒಯ್ಯಬೇಕಾದವರು ಗನ್‌ಮ್ಯಾನ್ ಇಟ್ಟುಕೊಳ್ಳಲಿ, ತಪ್ಪಿಲ್ಲ. ಮೀಸೆ ನೋಡಿ ಅಲ್ಲ, ಕಾಗದ ನೋಡಿ. ಉಳಿದವರಿಗೆ ಖರ್ಚಿಲ್ಲದ ಕಾವಲು ಒಂದಿದೆ: ಹೊರಡುವ ದಿನ, ತರುವ ಹಣ ಎರಡನ್ನೂ ಟೀ ಅಂಗಡಿಯಲ್ಲಿ ಬಾಯಿಬಿಡದಿರುವುದು. ಅದನ್ನೂ ಮೀರಿ ಅಪಾಯ ಬಂದರೆ 112 ಒತ್ತುವುದು.